ಎಂಬತ್ತು ಕಿಲೋಮೀಟರಿನ ಭಾನುವಾರ

ಸಂಕ್ರಾಂತಿ ಕಳೆದ ಮೊದಲ ಭಾನುವಾರ ಬೆಳಿಗ್ಗೆ ಏಳೂಕಾಲಿಗೆ ನಿಟ್ಟುವಳ್ಳಿಯ ನಮ್ಮ ಓಣಿಯಿಂದ ಹದಿನಾಲ್ಕು ಹೆಂಗಸರು ಹರಿಹರಕ್ಕೆ ಹೊರಟೆವು. ದಾವಣಗೆರೆ ಜಿಲ್ಲೆಯಾದ ಮರುವರ್ಷದ ಮಾತು. ಹರಿಹರ ದೂರದ ಊರೇನಲ್ಲ, ಹದಿನೈದು ಕಿಲೋಮೀಟರು. ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತರೆ ಒಂದರ ಹಿಂದೆ ಒಂದು ಬಸ್ಸು. ಆದರೆ ನಮ್ಮ ಓಣಿಯ ಹೆಂಗಸರಲ್ಲಿ ಹೆಚ್ಚಿನವರು ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರು. ವಾರವಿಡೀ ಬೆಂಕಿಯ ಮುಂದೆ ನಿಂತು, ಹಬ್ಬದ ದಿನ ಬಸ್ಸಿನಲ್ಲೂ ಬುತ್ತಿ ಹೊತ್ತು ನಿಂತೇ ಹೋಗುವುದು ಸಾಕಾಗಿತ್ತು. ‘ಈ ಸಲ ಕುಂತು ಹೋಗಾನ’ ಎಂದು ಅವ್ವ ಹೇಳಿದ್ದೇ ತಡ, ಎಲ್ಲರೂ ತಲೆಗೆ ನಲವತ್ತೈದು ರೂಪಾಯಿ ಹಾಕಿ ಒಂದು ಮಿನಿ ಬಸ್ಸು ಹಿಡಿದೆವು. ಡ್ರೈವರೂ ಡೀಸೆಲ್ಲೂ ಬಾಡಿಗೆಯಲ್ಲೇ ಸೇರಿತ್ತು.

ಬಾಡಿಗೆ ಮಾತಾಡಲು ಹೋದವಳು ನಾನು. ನಮ್ಮ ಓಣಿಯಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಬೀದಿದೀಪದ ಕೆಳಗೆ ಓದಿದೆ ಎಂದೇನೂ ಹೇಳುವುದಿಲ್ಲ, ಮನೆಯಲ್ಲಿ ದೀಪವಿತ್ತು, ಓದಲು ಹೊತ್ತು ಮಾತ್ರ ಇರಲಿಲ್ಲ. ಆ ಬಿ.ಎ. ಪದವಿಯ ಬಗ್ಗೆ ನನಗೆ ಈಗಲೂ ಹೆಮ್ಮೆಯಿದೆ. ರೇಷನ್ ಕಾರ್ಡಿನಿಂದ ಹಿಡಿದು ಔಷಧದ ಚೀಟಿಯವರೆಗೆ ಓದುವ ಕೆಲಸವೆಲ್ಲ ನನ್ನದು. ಹಾಗಾಗಿ ಬಾಡಿಗೆಯ ರಸೀದಿಯನ್ನೂ ಓಣಿಯಲ್ಲಿ ನಿಂತು ಗಟ್ಟಿಯಾಗಿ ಓದಿದೆ. ಅದರ ಬೆನ್ನ ಮೇಲೆ ಸಣ್ಣ ಅಕ್ಷರದಲ್ಲಿ, ಎಷ್ಟೇ ಕಡಿಮೆ ಓಡಿಸಿದರೂ ದಿನಕ್ಕೆ ಎಂಬತ್ತು ಕಿಲೋಮೀಟರಿನ ಬಾಡಿಗೆ ಕೊಡಲೇಬೇಕು ಎಂದಿತ್ತು. ಅದನ್ನು ಓದಿದ್ದೇ ನಾನು ಮಾಡಿದ ತಪ್ಪು.

‘ಹೋಗಿ ಬರಾಕ ಮೂವತ್ತು. ಉಳಿದ ಐವತ್ತು ಯಾರಪ್ಪಂದು?’ ಎಂದಳು ಪಕ್ಕದ ಮನೆಯ ಶಾರದಮ್ಮ.

‘ನಮ್ದೇ. ಒಂದೂ ಬಿಡಂಗಿಲ್ಲ’ ಎಂದಳು ಬಸಮ್ಮ ದೊಡ್ಡವ್ವ.

ಬಸಮ್ಮ ನಮ್ಮ ಅವ್ವನ ಅಕ್ಕ. ಅವಳ ವಿಷಯ ಇಲ್ಲೇ ಹೇಳಿಬಿಡಬೇಕು. ಅವಳ ಒಬ್ಬಳೇ ಮಗಳು ಸರೋಜಕ್ಕನನ್ನು ಹದಡಿಗೆ ಕೊಟ್ಟಿದೆ. ಮೂರು ವರ್ಷದ ಹಿಂದೆ ಸರೋಜಕ್ಕ ಹೊಸ ಮನೆ ಕಟ್ಟಿಸಿದಳು. ಗೃಹಪ್ರವೇಶಕ್ಕೆ ತವರಿಗೆ ಬಂದು, ಕುಂಕುಮ ಹಚ್ಚಿ ಕರೆಯುವುದು ನಮ್ಮ ಪದ್ಧತಿ. ಅವಳು ಕೆಲಸದ ಗಡಿಬಿಡಿಯಲ್ಲಿ ಅಚ್ಚು ಹಾಕಿಸಿದ ಕಾರ್ಡನ್ನು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದಳು. ದೊಡ್ಡವ್ವ ಹೋಗಲಿಲ್ಲ. ಅವ್ವನೇ ಬರಲಿಲ್ಲವೆಂದು ಮಗಳು ತವರಿಗೆ ಕಾಲಿಡಲಿಲ್ಲ. ನಡುವೆ ಇರುವುದು ಹನ್ನೆರಡು ಕಿಲೋಮೀಟರು. ಅದನ್ನು ದಾಟಲು ಮೂರು ವರ್ಷದಿಂದ ಇಬ್ಬರಿಗೂ ಆಗಿರಲಿಲ್ಲ.

ಡ್ರೈವರು ಇಮಾಮ್ ಸಾಬ್ರು, ಐವತ್ತು ದಾಟಿದವರು. ಅವರದೊಂದು ನಿಯಮವಿತ್ತು: ಪ್ರತಿ ಸಲ ಹೊರಡುವ ಮುಂಚೆ ಸೀಟಿನಿಂದ ಹಿಂದಕ್ಕೆ ತಿರುಗಿ ತಲೆ ಎಣಿಸುವುದು. ‘ಒಮ್ಮೆ ಒಂದು ಮದುವಿ ಪಾರ್ಟಿಯಾಗೆ ಮದುಮಗನ್ನೇ ಬಿಟ್ಟು ಬಂದಿದ್ದೆ ಮೇಡಮ್ಮಾರೆ, ಅವತ್ತಿಂದ ಎಣಸ್ತೀನಿ’ ಎಂದರು. ಎಣಿಸಿದರು. ಹದಿನಾಲ್ಕು. ಚಕ್ರದ ಕೆಳಗೆ ಅವ್ವ ಇಟ್ಟ ನಿಂಬೆಹಣ್ಣು ಚಪ್ಪಟೆಯಾಯಿತು, ಹೊರಟೆವು.

ಚಳಿ ಇನ್ನೂ ಬಿಟ್ಟಿರಲಿಲ್ಲ. ಹೆದ್ದಾರಿಯುದ್ದಕ್ಕೂ ಲಾರಿಗಳು, ಆಚೀಚೆ ಭತ್ತದ ಗದ್ದೆ. ಕಿಟಕಿ ಪಕ್ಕದ ಸೀಟಿಗೆ ಸಣ್ಣ ಜಗಳವೂ ಆಯಿತು. ದೊಡ್ಡವ್ವ ಮಾತ್ರ ಎಲ್ಲರಿಗಿಂತ ಹಿಂದಿನ ಸೀಟಿನಲ್ಲಿ ಕೂತು ಅಲ್ಲಿಂದಲೇ ಕೂಗುತ್ತಿದ್ದಳು: ‘ಸಾಬ್ರೆ, ಎಷ್ಟಾತು?’

‘ಹದಿನಾರು ಆತಮ್ಮ. ಅರವತ್ನಾಲ್ಕು ಉಳಿದಾವ’ ಎಂದರು ಸಾಬ್ರು, ಹರಿಹರದ ಗುಡಿಯ ಹತ್ತಿರ ಗಾಡಿ ನಿಲ್ಲಿಸುತ್ತ.

ಮೊದಲು ಹೊಳೆ. ತುಂಗಭದ್ರೆಯಲ್ಲಿ ನೀರು ಕಡಿಮೆಯಿತ್ತು, ಬಂಡೆಗಳು ಎದ್ದು ಕಾಣುತ್ತಿದ್ದವು. ತಣ್ಣಗೆ ಕೊರೆಯುವ ನೀರಿನಲ್ಲಿ ಮೂರು ಮುಳುಗು ಹಾಕಿ, ಸೀರೆಗಳನ್ನು ಬಂಡೆಯ ಮೇಲೆ ಹರವಿ, ಗುಡಿಗೆ ಹೋದೆವು. ಕಲ್ಲಿನ ಕಂಬಗಳು ಕನ್ನಡಿಯ ಹಾಗೆ ನುಣುಪು. ಅರ್ಧ ಹರಿ, ಅರ್ಧ ಹರನಾದ ಮೂರ್ತಿಯನ್ನು ಶಾರದಮ್ಮ ಬಹಳ ಹೊತ್ತು ನೋಡಿದಳು. ‘ಇಬ್ರು ದೇವ್ರು ಒಂದೇ ಮೈಯಾಗೆ ಹೊಂದ್ಕಂಡು ನಿಂತಾರ. ನಮ್ಮ ಓಣಿಯಾಗೆ ಒಂದು ನಲ್ಲಿಗೆ ನಾಲ್ಕು ಮನೆ ಹೊಂದವಲ್ವು’ ಎಂದಳು. ಪೂಜಾರರೂ ನಕ್ಕರು.

ದಡದಲ್ಲಿ ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಚಿತ್ರಾನ್ನ. ಸಾಬ್ರಿಗೂ ಬಡಿಸಿದೆವು. ದೊಡ್ಡವ್ವ ಒಂದು ರೊಟ್ಟಿಯನ್ನೂ ಪೂರ್ತಿ ತಿನ್ನಲಿಲ್ಲ. ನಾನು ಸಾಬ್ರಿಗೆ ನೀರು ಕೊಡಲು ಹೋದಾಗ ಅವರು ದನಿ ತಗ್ಗಿಸಿ ಕೇಳಿದರು: ‘ಮೇಡಮ್ಮಾರೆ, ಆ ಹಿಂದಿನ ಸೀಟಿನ ಅಮ್ಮಗ ಹದಡಿಯಾಗೆ ಯಾರದಾರ?’

‘ಯಾಕ್ರಿ?’

‘ಬೆಳಿಗ್ಗಿಂದ ಮೂರು ಸಲ ಒಬ್ರೇ ಬಂದು ಕೇಳಿದ್ರು, ಹದಡಿಗೆ ಹೋದ್ರೆ ಎಷ್ಟು ಕಿಲೋಮೀಟರ್ ಆಗತೈತಿ ಅಂತ. ಯಾರಿಗೂ ಹೇಳಬ್ಯಾಡ ಅಂದಾರ.’

ದೊಡ್ಡವ್ವ ಕಿಲೋಮೀಟರು ಎಣಿಸುತ್ತಿದ್ದುದು ಜಿಪುಣತನದಿಂದ ಎಂದುಕೊಂಡಿದ್ದೆ. ಅವ್ವನ ಕಿವಿಯಲ್ಲಿ ವಿಷಯ ಹಾಕಿದೆ. ಅವ್ವ ರೊಟ್ಟಿ ಮಡಿಚುತ್ತ, ‘ಸುಮ್ಮಿರು. ಕೇಳಿದ್ರೆ ಬ್ಯಾಡ ಅಂತಾಳ’ ಎಂದಳು.

ವಾಪಸು ಬರುವಾಗ ಮೊದಲು ಶಾರದಮ್ಮನ ಆಸೆ ತೀರಿಸಿದೆವು. ಅವಳ ಗಂಡ ಕರೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಕೆಲಸಕ್ಕಿದ್ದಾನೆ, ಅವಳು ಆ ಜಾಗವನ್ನು ನೋಡಿಯೇ ಇರಲಿಲ್ಲ. ಭಾನುವಾರವಾದ್ದರಿಂದ ಗೇಟು ಮುಚ್ಚಿತ್ತು. ಬಸ್ಸಿನ ತುಂಬ ಹೆಂಗಸರನ್ನು ಕಂಡು ವಾಚ್‌ಮನ್ ಮುಷ್ಕರವೆಂದು ತಿಳಿದು ಎದ್ದು ನಿಂತ. ವಿಷಯ ಹೇಳಿದ ಮೇಲೆ ಗೇಟಿನ ಸಂದಿಯಿಂದ ಒಂದು ಬೇವಿನ ಮರ ತೋರಿಸಿ, ‘ಅಲ್ಲೇ ಕುಂತು ಊಟ ಮಾಡ್ತಾರ್ರಿ’ ಎಂದ. ಶಾರದಮ್ಮ ಆ ಮರವನ್ನು ನೋಡಿ, ‘ನೆರಳೈತೆ, ಬಿಡು’ ಎಂದು ಬಂದು ಕೂತಳು.

‘ಮೂವತ್ತೇಳು ಆತು’ ಎಂದರು ಸಾಬ್ರು. ತಲೆ ಎಣಿಸಿದರು. ‘ಇನ್ನೂ ನಲವತ್ಮೂರು ಐತೆ. ಎಲ್ಲಿಗೆ?’

‘ಹದಡಿ ಕಡೆ ಗಾಳಿ ಚಲೋ ಇರತೈತಿ’ ಎಂದಳು ಅವ್ವ.

ಎಲ್ಲರೂ ಹಿಂದಕ್ಕೆ ನೋಡದೆ ನೋಡಿದರು. ದೊಡ್ಡವ್ವ ಕಿಟಕಿಯ ಕಡೆ ಮುಖ ಮಾಡಿ, ‘ನಂಗೇನು? ಗಾಡಿ ಎಲ್ಲಿಗೆ ಹೋಗತೈತೋ ಅಲ್ಲಿಗೆ. ಆದ್ರ ನಾನು ಇಳಿಯಂಗಿಲ್ಲ, ಈಗ್ಲೇ ಹೇಳೀನಿ’ ಎಂದಳು.

ಹದಡಿ ತಲುಪಿದಾಗ ನಾಲ್ಕು ಗಂಟೆ. ಸರೋಜಕ್ಕನ ಮನೆಗೆ ಹಸಿರು ಬಣ್ಣ, ಮುಂದೆ ಚಿಕ್ಕ ಕಟ್ಟೆ. ಗಾಡಿ ನಿಂತಿತು, ಯಾರೂ ಇಳಿಯಲಿಲ್ಲ. ದೊಡ್ಡವ್ವ ಇಳಿಯುವುದಿಲ್ಲ. ಹೆತ್ತವಳೇ ಕೂತಿರುವಾಗ ಕರೆಯದ ಮನೆಗೆ ಉಳಿದವರು ನುಗ್ಗುವುದು ಹೇಗೆ? ಹದಿನಾಲ್ಕು ಜನ ಬಾಗಿಲನ್ನೇ ನೋಡುತ್ತ ಕೂತೆವು. ಊರ ಜನ ಬಂದು ಗಾಡಿ ಕೆಟ್ಟಿತೇ ಎಂದು ವಿಚಾರಿಸತೊಡಗಿದರು.

‘ಹೌದ್ರಿ, ನೀರು ಬೇಕು’ ಎಂದು ಇಮಾಮ್ ಸಾಬ್ರು ಡಬ್ಬ ಹಿಡಿದು ನೇರ ಆ ಮನೆಯ ಬಾಗಿಲಿಗೇ ಹೋದರು.

ಸರೋಜಕ್ಕ ಕೊಡ ಹಿಡಿದು ಹೊರಬಂದಳು. ಗಾಡಿ ನೋಡಿದಳು. ಒಂದೊಂದೇ ಮುಖ ನೋಡುತ್ತ ಹಿಂದಿನ ಕಿಟಕಿಗೆ ಬಂದಾಗ ಅವಳ ಕಣ್ಣು ನಿಂತಿತು. ಕೊಡವನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋಗಿಬಿಟ್ಟಳು.

‘ನೋಡಿದ್ಯಾ?’ ಎಂದಳು ದೊಡ್ಡವ್ವ. ‘ಸಾಬ್ರೆ, ನಡೀರಿ.’

‘ನೀರು ಹಾಕಿಲ್ಲಮ್ಮ ಇನ್ನೂ’ ಎಂದರು ಸಾಬ್ರು, ಬಾನೆಟ್ಟಿನ ಹಿಂದಿನಿಂದ.

ಅಷ್ಟರಲ್ಲಿ ಸರೋಜಕ್ಕ ಬಂದಳು. ತಲೆ ಮೇಲೆ ಸೆರಗು, ಕೈಯಲ್ಲಿ ಕುಂಕುಮದ ಭರಣಿ. ಗಾಡಿಯ ಮೆಟ್ಟಿಲು ಹತ್ತಿ ಮುಂದಿನ ಸೀಟಿನಿಂದ ಶುರು ಮಾಡಿದಳು. ‘ಶಾರದಕ್ಕ, ಬರಬೇಕು. ಸಣ್ಣವ್ವ, ಬರಬೇಕು.’ ನನ್ನ ಹಣೆಗೂ ಹಚ್ಚಿದಳು. ಕೊನೆಗೆ ಹಿಂದಿನ ಸೀಟಿನ ಮುಂದೆ ನಿಂತಳು.

‘ಅವ್ವ, ನಾವು ಮನೆ ಕಟ್ಟಿಸೀವಿ. ಪ್ರವೇಶ ಇಟ್ಕಂಡೀವಿ. ನೀನು ಬರಬೇಕು.’

ದೊಡ್ಡವ್ವ ಮಗಳ ಕೈಯಲ್ಲಿದ್ದ ಭರಣಿ ನೋಡಿದಳು. ಆಮೇಲೆ ಕೇಳಿದಳು: ‘ಯಾವತ್ತು?’

‘ಇವತ್ತು.’

ದೊಡ್ಡವ್ವ ಹಣೆ ಮುಂದೆ ಚಾಚಿದಳು.

ಒಳಗೆ ಹೋಗಿ ಚಹಾ, ಅವಲಕ್ಕಿ ಆಯಿತು. ದೊಡ್ಡವ್ವ ಮನೆಯ ಪ್ರತಿ ಕೋಣೆಯನ್ನೂ ನೋಡಿ, ಅಡಿಗೆಮನೆಯ ಕಿಟಕಿ ಸಣ್ಣದಾಯಿತೆಂದು ಬೈದಳು. ಆರು ಗಂಟೆಗೆ ನಾವು ಹತ್ತಿ ಕೂತೆವು. ಸಾಬ್ರು ಸೀಟಿನಿಂದ ಹಿಂದಕ್ಕೆ ತಿರುಗಿದರು, ಹಿಂದಿನ ಖಾಲಿ ಸೀಟು ನೋಡಿದರು. ಆ ದಿನ ಅದೊಂದು ಸಲ ಎಣಿಸದೆ ಗಾಡಿ ಬಿಟ್ಟರು.

ನಿಟ್ಟುವಳ್ಳಿಗೆ ಬಂದಾಗ ಅರವತ್ತೈದು ಆಗಿತ್ತು. ‘ಹದಿನೈದು ಹಂಗೇ ಉಳದ್ವು. ನಾಳೆ ಅಕ್ಕನ್ನ ಕರಕೊಂಡು ಬರಾಕ ಇಟ್ಕಳ್ರಿ’ ಎಂದಳು ಅವ್ವ. ಕಿಲೋಮೀಟರು ನಾಳೆಗೆ ಇಡಲು ಬರುವುದಿಲ್ಲವೆಂದು ರಸೀದಿಯಲ್ಲಿತ್ತು, ನಾನು ಓದಿದ್ದೆ. ಈ ಸಲ ಬಾಯಿ ಬಿಡಲಿಲ್ಲ. ಹದಡಿಯ ತಿರುವಿನಲ್ಲಿ ಹಿಂದಿರುಗಿ ನೋಡಿದಾಗ ಕಂಡಿದ್ದೇ ಕಣ್ಣ ಮುಂದಿತ್ತು: ಹಸಿರು ಮನೆಯ ಬಾಗಿಲಲ್ಲಿ ದೊಡ್ಡವ್ವ, ನಮ್ಮನ್ನು ಕಳಿಸುವ ಮನೆಯವಳ ಹಾಗೆ ನಿಂತು, ಕೈ ಬೀಸುತ್ತಿದ್ದಳು.