ಮುನ್ಸೀಫರ ಮನೆಯ ಸೌತೆಕಾಯಿ

ಮಹಾಯುದ್ಧ ಮುಗಿದು ಚುನಾವಣೆ ಬಂದ ವರ್ಷ ನನ್ನ ಯಜಮಾನರು ಕುಂದಾಪುರದಲ್ಲಿ ಮುನ್ಸೀಫರಾಗಿದ್ದರು. ಅವರದ್ದು ವಿಪರೀತ ಮಡಿ, ಕೋರ್ಟಿನ ಮಡಿ. ಮದುವೆಗೆ ಕರೆದವರ ದಾವೆ ತಮ್ಮಲ್ಲಿ ಇದೆಯೋ ಎಂದು ವಿಚಾರಿಸದೆ ಊಟಕ್ಕೆ ಹೊರಡುವವರಲ್ಲ. ಯಾವ ಪಕ್ಷದವರೇ ಚಂದಾಕ್ಕೆ ಬರಲಿ, ಕೈಮುಗಿದು ಇಲ್ಲವೆಂದು ಹೇಳಿ ಹಿತ್ತಿಲಿಗೆ ಹೋಗಿಬಿಡುತ್ತಿದ್ದರು. ಬಂದವರು ಬೇಲಿಯ ದಣಪೆ ದಾಟಿ ಹೋಗುವವರೆಗೂ ಬಾವಿಕಟ್ಟೆಯ ಮೇಲೆ ವಾಸ. ದೊಡ್ಡ ದೊಡ್ಡ ವಕೀಲರನ್ನು ಸುಮ್ಮನಾಗಿಸುವ ಮನುಷ್ಯ ಒಂದು ರಸೀದಿ ಪುಸ್ತಕಕ್ಕೆ ಹೆದರುವುದು ಕಂಡು ನನಗೆ ನಗು ಬರುತ್ತಿತ್ತು.

ಒಂದು ದಿನ ಅವರು ಕೋರ್ಟಿಗೆ ಹೋದ ಮೇಲೆ ಬೀದಿಯ ನಾಲ್ಕು ಹೆಂಗಸರು ಚುನಾವಣಾ ನಿಧಿಗೆಂದು ಬಂದರು. ದುಡ್ಡು ಕೊಡುವ ಹಾಗಿಲ್ಲವೆಂದೆ. ಆದರೆ ಗುರುತಿನವರನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ಬ್ರಹ್ಮಾವರದ ತವರಿನಿಂದ ಬೀಜ ತಂದು ನಾನೇ ನೀರು ಹೊತ್ತು ಬೆಳೆಸಿದ ಬಣ್ಣದ ಸೌತೆಯನ್ನು ಕೊಯ್ದು ಕೊಟ್ಟೆ. ಹುಳಿ ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ.

ನಮ್ಮ ಕಡೆ ಒಳ್ಳೆಯ ಕಾರ್ಯಕ್ಕೆ ಕೊಟ್ಟ ವಸ್ತು ಹುಳಿಗೆ ಹೋಗುವುದಿಲ್ಲ, ಏಲಂಗೆ ಹೋಗಿ ಹರಾಜಾಗುತ್ತದೆ ಎಂಬುದು ಆಗ ನನಗೆ ಹೊಳೆಯಲೇ ಇಲ್ಲ. ಸಂಜೆ ಅವರ ಸಭೆಗೆ ನಾನೂ ಹೋಗಿದ್ದೆ. ಅಲ್ಲಿ ಏಲಂ ಕೂಗುವವ ಅದನ್ನು ಎತ್ತಿ ಹಿಡಿದು, ಮುನ್ಸೀಫರ ಮನೆಯ ಸೌತೆಕಾಯಿ ಎಂದು ಕೂಗಿದ. ಉಪ್ಪುಂದದ ಜಮೀನುದಾರರೊಬ್ಬರು ಸವಾಲು ಹಾಕಿದರು. ಅವರ ತಮ್ಮ ಆಚೆ ಬದಿಯಿಂದ ಏರಿಸಿದ. ಅಣ್ಣ ಮತ್ತೆ ಏರಿಸಿದರು. ಹೆಂಗಸರ ಸಾಲಿನಲ್ಲಿ ಕೂತು ನಾನು ನನ್ನ ಸೌತೆಯ ಬಣ್ಣಕ್ಕೆ ಎಷ್ಟು ಬೆಲೆ ಎಂದು ಉಬ್ಬುತ್ತಿದ್ದೆ, ಮರುಳು. ಕೊನೆಗೆ ಅಣ್ಣನಿಗೇ ಆಯಿತು. ಆಗ ಪಕ್ಕದವಳು ಕಿವಿಯಲ್ಲಿ ಹೇಳಿದಳು:

“ಅವ್ರಿಬ್ರ ಆಸ್ತಿ ಪಾಲಿನ ಕೇಸ್ ಇನ್ನೂ ನಿಮ್ಮನಿಯೋರ ಹತ್ರವೇ ಇತ್ತ್ ಅಲ್ದಾ?”

ಸಭೆ ಮುಗಿಯುವುದಕ್ಕೂ ಕಾಯದೆ ಎದ್ದೆ.

ಮನೆಗೆ ಬಂದವಳೇ ಕಾಫಿ ಕುಡಿಯುತ್ತಿದ್ದ ಅವರಿಗೆ ಎಲ್ಲ ಹೇಳಿದೆ.

“ಹ್ವಾಯ್, ನಾನ್ ಕೊಟ್ಟದ್ದ್ ದುಡ್ಡಲ್ಲ, ಬರೀ ಸೌತೆಕಾಯಿ,” ಎಂದೆ, ನನಗೇ ನಂಬಿಕೆಯಿಲ್ಲದೆ.

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಎರಡು ವರ್ಷ ಕೇಳಿದ ದಾವೆ. ತೀರ್ಪು ಬರೆದಾಗಿತ್ತು, ಓದುವುದೊಂದೇ ಬಾಕಿ. ಯಾರ ಪರವೆಂದು ನನಗೆ ಇವತ್ತಿಗೂ ತಿಳಿಯದು.

“ಅಣ್ಣನಿಗೆ ಕೊಟ್ಟರೆ ಸೌತೆಕಾಯಿ ಗೆಲ್ಲಿಸಿತು ಅಂತಾರೆ. ತಮ್ಮನಿಗೆ ಕೊಟ್ಟರೆ ಅದನ್ನು ಮುಚ್ಚೋದಕ್ಕೆ ಕೊಟ್ಟ ಅಂತಾರೆ. ಇನ್ನು ನಾನು ಏನು ಓದಿದರೂ ಅದು ತೀರ್ಪಲ್ಲ,” ಎಂದರು.

ಮರುದಿನ ಮಂಗಳೂರಿನ ಜಿಲ್ಲಾ ನ್ಯಾಯಾಧೀಶರಿಗೆ, ದಾವೆಯನ್ನು ಬೇರೆ ಕೋರ್ಟಿಗೆ ವರ್ಗಾಯಿಸಿ ಎಂದು ಬರೆದರು. ಬಡ್ತಿಯ ಪಟ್ಟಿ ಹೊರಡುವ ಹೊತ್ತದು. ಹೆಂಡತಿ ತನಗೆ ತಿಳಿಯದೆ ಕೊಟ್ಟಳು ಎಂದು ಒಂದು ಸಾಲು ಹಾಕಿದ್ದರೆ ಸಾಕಿತ್ತು. ಇಂಗ್ಲಿಷ್ ಕಾಗದವನ್ನು ನನಗೆ ಕನ್ನಡದಲ್ಲಿ ಓದಿ ಹೇಳುವಾಗ ಆ ಸಾಲಿಗಾಗಿ ಕಾದೆ. ‘ನನ್ನ ಮನೆಯಿಂದ ಕೊಡಲಾಯಿತು’ ಎಂದಷ್ಟೇ ಇತ್ತು. ದಾವೆ ಉಡುಪಿಗೆ ಹೋಯಿತು. ಬಡ್ತಿ ಆ ವರ್ಷ ಬರಲಿಲ್ಲ. ನಾನು ಒಲೆಯ ಮುಂದೆ ಕೂತು ಅತ್ತೆ.

ಮುಂದೆ ಯಾರೋ ರಸೀದಿ ಪುಸ್ತಕ ಹಿಡಿದು ದಣಪೆ ತೆಗೆದದ್ದು ಕಂಡ ಕೂಡಲೇ ನಾನೂ ಹಿತ್ತಿಲಿಗೆ ನಡೆದೆ. ಬಾವಿಕಟ್ಟೆಯ ಮೇಲೆ ಅವರು ಆಗಲೇ ಕೂತಿದ್ದರು. ಸ್ವಲ್ಪ ಸರಿದು ನನಗೆ ಜಾಗ ಕೊಟ್ಟರು.