ಬೆರ್ರಿಯೆಸಾದ ಉದ್ದ ಬ್ರೆಡ್ಡೂ ನನ್ನ ಶೇಂಗಾ ಪುಡಿಯೂ

ಎಣ್ಣೆಗಾಯಿಗೆ ಬದನೆಕಾಯಿ ಸೀಳುವಾಗ ತೊಟ್ಟಿನ ಹತ್ತಿರ ಕೈ ನಿಲ್ಲಿಸಬೇಕು. ಪೂರ್ತಿ ಸೀಳಿದರೆ ಕಾಯಿ ಹೋಳಾಗಿ ಮಸಾಲೆಯೆಲ್ಲ ಹೊರಗೆ. ಮೂರನೇ ಇಯತ್ತೆಗೇ ಶಾಲೆ ಬಿಟ್ಟ ನನಗೆ ಗೊತ್ತಿರುವ ವಿದ್ಯೆ ಇಂಥದ್ದೇ. ಹಾಗಾಗಿ ಪರದೇಶದ ಈ ಬೆರ್ರಿಯೆಸಾ ಬಡಾವಣೆಯಲ್ಲಿ ಮಗಳ ಅಪಾರ್ಟ್‌ಮೆಂಟಿನ ಹತ್ತಿರದ ಸ್ಯಾಂಡ್‌ವಿಚ್ ಅಂಗಡಿಯಲ್ಲಿ ಒಬ್ಬ ವಿಯೆಟ್ನಾಮಿನ ಹೆಂಗಸು ಮೊಳದುದ್ದದ ಬ್ರೆಡ್ಡನ್ನು ಒಂದು ಅಂಚು ಕೂಡಿಕೊಂಡೇ ಇರುವಂತೆ ಸೀಳುವುದನ್ನು ಕಂಡಾಗ, ನಮ್ಮ ಓಣಿಯವಳೇ ಯಾರೋ ಸಿಕ್ಕಂತಾಯಿತು ನೋಡಿ.

ಊರೂರಿಗೂ ಒಂದೇ ಬೋರ್ಡು ಹಾಕಿಕೊಂಡ ದೊಡ್ಡ ಅಂಗಡಿಗಳಿಗೂ ಅಳಿಯ ಕರೆದೊಯ್ದಿದ್ದ. ಅಲ್ಲಿ ಪ್ರತಿಸಲ ಕೈ ಬೇರೆ, ರುಚಿ ಅದೇ. ಈಕೆಯ ಅಂಗಡಿಯಲ್ಲಿ ಕೈ ಅದೇ, ರುಚಿ ಮಾತ್ರ ಆ ದಿನದ ಟೊಮ್ಯಾಟೊ ಮತ್ತು ಆಕೆಯ ಮನಸ್ಸು ಹೇಳಿದಂತೆ. ಮಧ್ಯಾಹ್ನ ಕೊರಳಿಗೆ ಬಿಲ್ಲೆ ಇಳಿಬಿಟ್ಟ ಆಫೀಸಿನ ಹುಡುಗರು ಡಾಟ್‌ಕಾಮು, ಸ್ಟಾಕು ಎನ್ನುತ್ತ ಬಾಗಿಲಾಚೆಯವರೆಗೂ ಸಾಲು ನಿಂತಿರುವಾಗ, ಯಾರಿಗೆ ಮೆಣಸಿನಕಾಯಿ ಬೇಕು, ಯಾರಿಗೆ ಬೇಡವೆಂದು ಆಕೆ ಮುಖ ನೋಡಿಯೇ ತಿಳಿಯುತ್ತಿದ್ದಳು. ನಾನು ಮಾಂಸ ಮುಟ್ಟುವವಳಲ್ಲವೆಂದು ಮಗಳು ಒಮ್ಮೆ ಹೇಳಿದ್ದಷ್ಟೇ; ನನ್ನ ಸರದಿ ಬಂದಾಗಲೆಲ್ಲ ಕೈಗವಸು ಬದಲಾಗುತ್ತಿತ್ತು, ಬೇರೆ ಚಾಕು ಹೊರಬರುತ್ತಿತ್ತು.

ಆದರೆ ನನ್ನ ನಾಲಿಗೆಗೆ ಇಷ್ಟು ಸಾಲದು. ಚೀಲದಲ್ಲಿ ಶೇಂಗಾ ಪುಡಿಯ ಡಬ್ಬಿ ಇದ್ದೇ ಇರುತ್ತಿತ್ತು. ಅದನ್ನು ಕಂಡರೆ ಎಂಟು ವರ್ಷದ ಮೊಮ್ಮಗಳು ನೇಹಾಳಿಗೆ ನಾಚಿಕೆ.

“ಅಜ್ಜಿ, ಇಲ್ಲಿ ಬೇಡ, ಪ್ಲೀಸ್. ಎಲ್ಲಾರೂ ನೋಡ್ತಿದಾರೆ.”

“ನೋಡ್ಲಿ ಬಿಡವಾ, ನಾ ಏನ ಕದ್ದ ತಂದೀನಿ?”

ಹೀಗೆಂದು ನಕ್ಕರೂ ಒಳಗೆ ಚುರುಕ್ಕೆನ್ನುತ್ತಿತ್ತು. ಮನೆಯಲ್ಲಿ ನನ್ನ ಸೆರಗು ಬಿಡದ ಕೂಸು ಹೊರಗೆ ಬಂದರೆ ಎರಡು ಮಾರು ದೂರ ನಡೆಯುತ್ತಿತ್ತು. ವೀಸಾ ಮುಗಿದು ನಾನು ಹೊರಟ ಮೇಲೆ, ಇವಳ ನೆನಪಿನಲ್ಲಿ ನಾನೂ ಮುಚ್ಚಿಡಬೇಕಾದ ಒಂದು ಡಬ್ಬಿಯಾಗಿಯೇ ಉಳಿದುಬಿಡುವೆನೇ ಎಂಬುದೇ ನನ್ನ ಚಿಂತೆ.

ಒಂದು ಶನಿವಾರ ಅಂಗಡಿಯಾಕೆ ನಮ್ಮ ಟೇಬಲ್ಲಿಗೇ ಬಂದು ಡಬ್ಬಿಯತ್ತ ಬೆರಳು ತೋರಿಸಿದಳು. ನೇಹಾ ತಲೆ ತಗ್ಗಿಸಿದಳು. ಬೈಸಿಕೊಂಡರೂ ಸರಿಯೆಂದು ನಾನು ಚಿಟಿಕೆ ಪುಡಿ ಆಕೆಯ ಅಂಗೈಗೆ ಹಾಕಿದೆ. ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಮತ್ತೇನನ್ನೋ ಕೇಳಿದಳು. ನನಗೆ ಇಂಗ್ಲಿಷ್ ಬಾರದು; ಉತ್ತರ ಕೊಡಲು ಇದ್ದವಳು ನೇಹಾ ಒಬ್ಬಳೇ.

“ಅಜ್ಜಿ, ಇದ್ರಲ್ಲಿ ಏನೇನಿದೆ?”

“ಶೇಂಗಾ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗಿ. ಕುಟ್ಟಿದ್ದು, ಮಿಕ್ಸರಿಗೆ ಹಾಕಿದ್ದಲ್ಲ ಅಂತನೂ ಹೇಳವಾ.”

ಅವಳು ಇಂಗ್ಲಿಷಿನಲ್ಲಿ ಹೇಳಿದಳು, ಕುಟ್ಟುವುದನ್ನು ಕೈಯಲ್ಲೇ ಮಾಡಿ ತೋರಿಸಿದಳು. ಆಕೆ ನಗುತ್ತ ಏನೋ ಅಂದದ್ದೇ ತಡ, ನೇಹಾಳ ಮುಖ ಅರಳಿತು. “ಅಜ್ಜಿ, ಅವ್ರ ಗ್ರ್ಯಾಂಡ್‌ಮಾನೂ ಪೀನಟ್ ಕುಟ್ತಿದ್ರಂತೆ. ಅನ್ನಕ್ಕೆ ಹಾಕೋಕೆ.”

ಒಂದೇ ಅಚ್ಚಿನ ಅಂಗಡಿಯಲ್ಲಿ ಹೊರಗಿನ ಚಿಟಿಕೆಗೆ ಜಾಗವಿಲ್ಲ. ಅಲ್ಲಿನವರು ಕೆಟ್ಟವರೆಂದಲ್ಲ, ಪಾಪ, ಅದು ಅವರ ಕೈಯಲ್ಲಿಲ್ಲ. ತನ್ನದೇ ಅಂಗಡಿ ಇಟ್ಟವಳಿಗೆ ಮನಸ್ಸು ಬಂದರೆ ಸಾಕು, ಆಕೆಯ ಬ್ರೆಡ್ಡಿನೊಳಗೆ ನಮ್ಮ ಊರೂ ಹಿಡಿಸುತ್ತದೆ.

ಮುಂದಿನ ವಾರ ಸಾಲಿನಲ್ಲಿ ನಿಂತಿದ್ದಾಗ ನೇಹಾ ತಾನೇ ನನ್ನ ಚೀಲಕ್ಕೆ ಕೈ ಹಾಕಿ ಡಬ್ಬಿ ತೆಗೆದಳು. “ನಂದಕ್ಕೂ ಹಾಕು ಅಜ್ಜಿ. ಜಾಸ್ತಿ.” ಆ ಹುಡುಗರ ಸ್ಟಾಕು ಎಲ್ಲಿಗೆ ಏರಿತ್ತೋ ಕಾಣೆ, ನಾನಂತೂ ಅಂದು ನೆಲದ ಮೇಲಿರಲಿಲ್ಲ.

ಇವತ್ತು ಎಣ್ಣೆಗಾಯಿ. ನೇಹಾ ಸ್ಟೂಲು ಹತ್ತಿ ಪಕ್ಕದಲ್ಲೇ ನಿಂತಿದ್ದಾಳೆ. “ಎಲ್ಲಿ ಸ್ಟಾಪ್ ಮಾಡ್ಬೇಕು ಅಜ್ಜಿ?” ಎಂದು ಕೇಳಿದಳು. ಅವಳ ಕೈಮೇಲೆ ನನ್ನ ಕೈಯಿಟ್ಟು, ತೊಟ್ಟಿನ ಹತ್ತಿರ ಚಾಕು ನಿಲ್ಲಿಸಿದೆ.