ಕೊನೆಯ ಪುಟದ ಹುಡುಗಿ

ಮಹಾದೇವಿಯವರೇ, ನಿಮ್ಮ ಮನೆಯ ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗುಹಾಕಿರುವ ಆ ಚಿತ್ರ ನಿಮ್ಮ ತಂದೆಯ ಕೈಯದಲ್ಲ. ನನ್ನದು. ಹೊಸ್ತಿಲ ಮೇಲೆ ನಿಂತ ಆ ಹುಡುಗಿಯನ್ನು ಬರೆದವನು ನಾನು — ಜಮಖಂಡಿಯ ಈ ನಿವೃತ್ತ ಡ್ರಾಯಿಂಗ್ ಮಾಸ್ತರ. ಇದನ್ನು ಹೇಳಬೇಕೆಂದು ಮುಧೋಳಕ್ಕೆ, ನಿಮ್ಮ ಮನೆಗೆ, ಎಷ್ಟೋ ಸಲ ಬಂದೆ. ಹಾಳಾದ ಬಾಯಿ! ಪ್ರತಿ ಸಲವೂ ನೀವು ಕೊಟ್ಟ ಚಹಾ ಕುಡಿದು ಸುಮ್ಮನೆ ಎದ್ದು ಬಂದೆ. ಅದಕ್ಕೇ ಈಗ ಈ ಕಾಗದ ಬರೆಯುತ್ತಿದ್ದೇನೆ.

ಹಳೆಯ ಕಾಮಿಕ್ಸ್ ಪುಸ್ತಕಗಳೆಂದರೆ ನನಗೆ ಹುಚ್ಚು. ನಮ್ಮಂಥ ಹುಚ್ಚರದೇ ಒಂದು ಮೊಬೈಲ್ ಗುಂಪಿದೆ. ಯಾರಿಗೆ ಏನು ಸಿಕ್ಕರೂ ಅಸಲಿಯೋ ನಕಲಿಯೋ ಎಂದು ನನ್ನನ್ನೇ ಕೇಳುತ್ತಿದ್ದರು. ಆ ಮರ್ಯಾದೆ ನನ್ನ ತಲೆಗೆ ಏರಿತ್ತು — ಸುಳ್ಳೇಕೆ ಹೇಳಲಿ, ಚೆನ್ನಾಗಿಯೇ ಏರಿತ್ತು. ಆ ದಿನಗಳಲ್ಲೇ ರಬಕವಿಯ ಒಂದು ರದ್ದಿ ಅಂಗಡಿಯಲ್ಲಿ, ಶಾಲೆಯ ಹಳೆಯ ಪಠ್ಯಗಳ ಗಂಟಿನೊಳಗೆ, ನಿಮ್ಮ ತಂದೆ ಬರೆದ ಕಾಮಿಕ್ಸ್ ಪುಸ್ತಕ ಸಿಕ್ಕಿತು. ಕಂಬಳಿ ಹೊದ್ದ ಕುರುಬನೊಬ್ಬ ಕುರಿ ಹೊಡೆದುಕೊಂಡು ಊರೂರು ತಿರುಗುತ್ತ ಕಳ್ಳರನ್ನು ಹಿಡಿಯುವ ಕತೆ. ಅಂಥದೊಂದು ಪುಸ್ತಕ ಬಂದಿತ್ತೆಂದು ಕೇಳಿದ್ದೆವು, ಕಣ್ಣಿಂದ ಕಂಡವರು ಯಾರೂ ಇರಲಿಲ್ಲ. ಅಂಗಡಿಯಲ್ಲೇ ನಿಂತು ಓದಿದೆ. ಕಳ್ಳರು ಸಿಕ್ಕಿಬಿದ್ದಿದ್ದರು, ಊರವರು ಕುರುಬನನ್ನು ಹೊಗಳುತ್ತಿದ್ದರು, ಮುಂದಿನ ಪುಟ — ಇರಲಿಲ್ಲ. ಕೊನೆಯ ಪುಟ ಯಾವಾಗಲೋ ಹರಿದು ಹೋಗಿತ್ತು.

ಇಷ್ಟೇ ಸಿಕ್ಕಿತು ಎಂದು ಗುಂಪಿನಲ್ಲಿ ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು? ಆದರೆ ನನಗೆ ಪೂರ್ತಿ ಪುಸ್ತಕ ಸಿಕ್ಕಿದೆ ಎನ್ನಿಸಿಕೊಳ್ಳಬೇಕಿತ್ತು. ಬನಹಟ್ಟಿಯ ನೇಕಾರ ಗೆಳೆಯನೊಬ್ಬನ ಅಟ್ಟದ ಮೇಲೆ ಹಳೆಯ ಸೀರೆಗಳ ಮಡಿಕೆಯಲ್ಲಿ ಇಟ್ಟ ಖಾಲಿ ಕಾಗದಗಳಿದ್ದವು, ಆ ಪುಸ್ತಕದಷ್ಟೇ ಹಳದಿಯಾದವು. ಒಂದನ್ನು ಕೇಳಿ ತಂದುಕೊಂಡೆ. ಅಗ್ಗದ ಹಳೆಯ ಮುದ್ರಣದಲ್ಲಿ ಕೆಂಪು ಬಣ್ಣ ಗೆರೆಯಿಂದ ಚೂರು ಆಚೆ ಸರಿದಿರುತ್ತದೆ, ನಾನೂ ಹಾಗೆಯೇ ಸರಿಸಿ ಹಚ್ಚಿದೆ. ತುಕ್ಕು ಹಿಡಿದ ಪಿನ್ನುಗಳನ್ನು ಬಿಚ್ಚಿ ಅದೇ ತೂತುಗಳಲ್ಲಿ ಮತ್ತೆ ಕೂಡಿಸಿದೆ. ಕತೆಯನ್ನೂ ನಾನೇ ಮುಗಿಸಿದೆ: ಕುರುಬ ಮನೆಗೆ ಮರಳುತ್ತಾನೆ. ಮನೆ ಬರೆದೆ, ಬಾಗಿಲು ಬರೆದೆ. ಬಾಗಿಲಲ್ಲಿ ಜಾಗ ಖಾಲಿ ಉಳಿಯಿತು. ಪಾದದವರೆಗೆ ಇಳಿಯುವ ಖಣದ ಪರಕಾರ ಉಟ್ಟ ಒಬ್ಬ ಹುಡುಗಿಯನ್ನು ನಿಲ್ಲಿಸಿದೆ. ನಮ್ಮ ಕಡೆ ಆಗ ಯಾವ ಮನೆಯ ಹುಡುಗಿ ಖಣದ ಪರಕಾರ ಉಟ್ಟಿರಲಿಲ್ಲ, ಹೇಳಿ.

ಪುಟಗಳ ಫೋಟೋ ತೆಗೆದು ಗುಂಪಿನಲ್ಲಿ ಹಾಕಿದೆ, ಎಲ್ಲರೂ ಹಾಡಿ ಹೊಗಳಿದರು. ನಾನು ಹಿಗ್ಗಿದೆ. ಅಲ್ಲಿಗೇ ಮುಗಿದಿದ್ದರೆ —

ನಿಮ್ಮ ಅಳಿಯ ಆ ಪುಟಗಳನ್ನು ಮೊಬೈಲಿನಲ್ಲಿ ತೋರಿಸಿದನಂತೆ, ನೀವು ಬಸ್ಸು ಹತ್ತಿ ನನ್ನ ಮನೆಗೆ ಬಂದಿರಿ. ಪುಸ್ತಕದ ಮೇಲಿದ್ದ ಹೆಸರು ನಮ್ಮಪ್ಪನದು ಎಂದಿರಿ. ನೀವು ಇನ್ನೂ ಸಣ್ಣವರಿದ್ದಾಗ ಆತ ಹೆಂಡತಿ ಮಗಳನ್ನು ಬಿಟ್ಟು ಸಾಂಗ್ಲಿ ಕಡೆ ಹೋದ, ಮತ್ತೆ ಬರಲಿಲ್ಲ, ಸತ್ತ ಸುದ್ದಿಯಷ್ಟೇ ಬಂತು. ಆತನ ಫೋಟೋವನ್ನು ಅವ್ವ ಟ್ರಂಕಿನ ತಳಕ್ಕೆ ಹಾಕಿದ್ದಳು, ಅವಳು ಹೋದ ಮೇಲೂ ನೀವು ಅದನ್ನು ಹೊರಗೆ ತೆಗೆದಿರಲಿಲ್ಲ — ಇದನ್ನೆಲ್ಲ ಪುಟ ತಿರುವುತ್ತ ಹೇಳಿದಿರಿ, ಬೇರೆ ಯಾರದೋ ಮನೆಯ ಸುದ್ದಿ ಹೇಳಿದಂತೆ. ಕೊನೆಯ ಪುಟಕ್ಕೆ ಬಂದಾಗ ನಿಮ್ಮ ಬೆರಳು ನಿಂತಿತು.

"ಇದು ನಾನ ರೀ, ಸರ. ಈ ಪರಕಾರ ನಂದ. ಅವ್ವ ಹೊಲಿಸಿದ್ಲು. ಅಪ್ಪಾ ನನ್ನ ಮರ್ತಿದ್ದಿಲ್ಲ ನೋಡ್ರಿ... ತಿರುಗಿ ಬರೂದು ಅವನ ಮನಸನ್ಯಾಗ ಇತ್ತು."

ಆಗ ಹೇಳಬೇಕಿತ್ತು. ಅಯ್ಯೋ, ಆಗಲೇ ಹೇಳಬೇಕಿತ್ತು! ನೀವು ಅಳುತ್ತಿದ್ದಿರಿ. ವಯಸ್ಸಿನಲ್ಲಿ ನನಗಿಂತ ದೊಡ್ಡವರು ನೀವು, ಬಗ್ಗಿ ನನ್ನ ಕಾಲು ಮುಟ್ಟಿದಿರಿ. ನಾನು ಮುಟ್ಟಿಸಿಕೊಂಡೆ. ಆಮೇಲೆ ಆ ಪುಟದ ದೊಡ್ಡ ಪ್ರತಿ ಮಾಡಿಸಿ ಕಟ್ಟು ಹಾಕಿಸಿ ನಿಮ್ಮ ಕೈಗೆ ಕೊಟ್ಟವನೂ ನಾನೇ. ಮುಂದಿನ ಸಲ ನಿಮ್ಮ ಮನೆಗೆ ಬಂದಾಗ ಅದರ ಪಕ್ಕದಲ್ಲಿ ನಿಮ್ಮ ತಂದೆಯ ಫೋಟೋ ಇತ್ತು, ಹೂವಿನ ಮಾಲೆ ಹಾಕಿದ್ದಿರಿ. ಅವತ್ತು ಕಡಬು ಮಾಡಿ ಬಡಿಸಿದಿರಿ. ಉಂಡು ಬಂದೆ.

ಇದು ಒಂದು ತಪ್ಪು. ಇನ್ನೊಂದು ಇದಕ್ಕಿಂತ ಕೆಟ್ಟದ್ದು.

ಬೀಳಗಿಯ ಬಸು ನಮ್ಮ ಗುಂಪಿನವನೇ, ಬಸ್ ಕಂಡಕ್ಟರನಾಗಿದ್ದು ನಿವೃತ್ತಿಯಾದವನು, ಕಪಟ ಗೊತ್ತಿಲ್ಲದ ಮನುಷ್ಯ. ಹೋದ ವರ್ಷ ಒಂದು ಪುಸ್ತಕವನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದ.

"ಸರ, ಅದ ಕುರುಬನ ಪುಸ್ತಕ ಸಿಕ್ಕೈತ್ರಿ, ನಮ್ಮ ಸೋದರಮಾವನ ಮನ್ಯಾಗ. ಆದ್ರ ನಿಮ್ಮದಕ್ಕೂ ಇದಕ್ಕೂ ಕೊನೀ ಪುಟ ಬ್ಯಾರೆ ಐತಿ. ಖರೆ ಯಾವ್ದು ಅಂತ ನೀವ ಹೇಳ್ರಿ."

ನೋಡಿದ ಕೂಡಲೇ ತಿಳಿಯಿತು. ಅದೇ ಕೈ, ಅದೇ ಗೆರೆ. ನಿಮ್ಮ ತಂದೆ ಬರೆದ ಕೊನೆಯ ಪುಟದಲ್ಲಿ ಮನೆಯಿಲ್ಲ. ಊರವರು ಕರೆಯುತ್ತಿದ್ದರೂ ಕುರುಬ ಕುರಿ ಹೊಡೆದುಕೊಂಡು ಹೊರಟಿದ್ದಾನೆ, ನಮಗೆ ಬೆನ್ನು ತೋರಿಸಿ. ತಿರುಗಿ ಕೂಡ ನೋಡುವುದಿಲ್ಲ.

ನಿಮ್ಮ ಮುಖ ಕಣ್ಣ ಮುಂದೆ ಬಂತು. ಛೇ, ಇಲ್ಲಿಯೂ ನಾಟಕ ಬೇಡ. ಮೊದಲು ಬಂದದ್ದು ಗುಂಪಿನವರ ಮುಖ, ಆಮೇಲೆ ನಿಮ್ಮದು.

"ಖೊಟ್ಟಿ ಐತಿ, ಬಸು," ಎಂದೆ. "ಯಾರೋ ಈಚೀಚೆಗೆ ಮಾಡ್ಯಾರ."

"ನೀವು ಅಂದ ಮ್ಯಾಲ ಆತ್ರಿ," ಎಂದು ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದ.

ವರ್ಷವಿಡೀ ಆ ಮಾತು ನನ್ನನ್ನು ತಿಂದಿತು. ಹೋದ ವಾರ ಬೀಳಗಿಗೆ ಹೋಗಿ ಬಸುವಿನ ಮುಂದೆ ಎಲ್ಲ ಹೇಳಿದೆ, ಪುಸ್ತಕ ಕೊಡು ಎಂದೆ. "ನೀವ ಖೊಟ್ಟಿ ಅಂದಿದ್ರಲ್ರಿ ಸರ. ಮೊಮ್ಮಗಳಿಗೆ ಬಣ್ಣಾ ತುಂಬಾಕ ಕೊಟ್ಟೇನಿ." ಒಳಗಿನಿಂದ ತಂದು ಕೊಟ್ಟ. ಕುರಿಗಳ ಮೇಲೆಲ್ಲ ಹಸಿರು ಮೇಣದ ಬಣ್ಣ, ಕಂಬಳಿಯ ಮೇಲೆ ನೀಲಿ. ಕೊನೆಯ ಪುಟದ ಒಂದು ಬದಿ ಅರ್ಧದವರೆಗೆ ಕತ್ತರಿಸಿ ಹೋಗಿದೆ. ಹೋಗುತ್ತಿರುವವನ ಬೆನ್ನು ಮಾತ್ರ ಇನ್ನೂ ಕಾಣುತ್ತದೆ. ಬಸು ಬೈದಿದ್ದರೆ ಎಷ್ಟೋ ಚಲೋ ಇತ್ತು. ಬಸ್‌ಸ್ಟ್ಯಾಂಡಿನವರೆಗೆ ಬಂದು ಬಸ್ಸು ಹತ್ತಿಸಿ ಹೋದ.

ಗುಂಪಿನಲ್ಲಿ ನಿನ್ನೆ ನಿಜ ಹೇಳಿದ್ದೇನೆ. ಅವರ ಬೈಗುಳ ನನಗೆ ಸಲ್ಲಬೇಕಾದದ್ದೇ, ಅದರಿಂದ ನಿಮಗೇನೂ ಮರಳಿ ಸಿಗುವುದಿಲ್ಲ. ನಿಮಗೆ ಒಬ್ಬ ತಂದೆಯನ್ನು ಕೊಟ್ಟೆ, ಈಗ ಕಸಿದುಕೊಳ್ಳುತ್ತಿದ್ದೇನೆ. ಎರಡನ್ನೂ ನಿಮ್ಮನ್ನು ಕೇಳದೆ ಮಾಡಿದೆ. ನೀವು ಇಷ್ಟು ವರ್ಷ ಹೊತ್ತ ಸಿಟ್ಟು ನಿಮ್ಮದು, ಸರಿಯಾದ ಸಿಟ್ಟು. ಅದನ್ನು ಒಂದು ಸುಳ್ಳು ಚಿತ್ರದಿಂದ ಕರಗಿಸಲು ನಾನು ಯಾರು?

ಭಾನುವಾರ ಮುಧೋಳಕ್ಕೆ ಬರುತ್ತೇನೆ, ಬಣ್ಣ ಬಳಿದ ಆ ಪುಟವನ್ನು ತರುತ್ತೇನೆ. ನಿಮ್ಮ ತಂದೆಯ ಕೈಯದೆಂದು ಉಳಿದಿರುವ ಕೊನೆಯ ಪುಟ ಅದೊಂದೇ. ನೀವು ಬಾಗಿಲು ತೆರೆಯದಿದ್ದರೆ ಹೊರಗೆ ನಿಂತೇ ಹೇಳುತ್ತೇನೆ, ನಿಮಗೆ ಕೇಳುವಷ್ಟು ಗಟ್ಟಿಯಾಗಿ: ಮಹಾದೇವಿಯವರೇ, ಆ ಹುಡುಗಿ ನೀವಲ್ಲ. ಅವಳು ಯಾರೂ ಅಲ್ಲ.